ತುಟಿಹಚ್ಚೆಯ ಮೂರು ಶಾಲೆಗಳು

ಆ ಊರಿಗೆ ಒಂದೇ ಬೀದಿ. ಬೀದಿಯ ಅಗಲ ಮೂವತ್ತು ಹೆಜ್ಜೆ. ಈ ಬದಿಗೆ ಒಂದು ಸಾಲು ಮನೆ, ಆ ಬದಿಗೆ ಒಂದು ಸಾಲು ಮನೆ. ಈ ಸಾಲಿನವರ ಭಾಷೆ ಒಂದು, ಆ ಸಾಲಿನವರ ಭಾಷೆ ಇನ್ನೊಂದು. ಈ ಸಾಲಿನಲ್ಲಿ ಒಲೆ ಹಚ್ಚಿದರೆ ಹೊಗೆ ಆ ಸಾಲಿನವರ ಕಣ್ಣಿಗೆ ಹೋಗುತ್ತಿತ್ತು. ಆ ಸಾಲಿನ ಕೋಳಿಗಳು ಬಂದು ಈ ಸಾಲಿನ ಕಸ ಕೆದಕುತ್ತಿದ್ದವು. ಕೆಲಸಕ್ಕೆಂದು ಜನರೂ ದಾಟುತ್ತಿದ್ದರು. ಮಾತು ಮಾತ್ರ ದಾಟುವಂತಿರಲಿಲ್ಲ.

ಈ ಸಾಲಿನ ನಿಯಮ ಹೀಗಿತ್ತು: ಆ ಸಾಲಿನವರ ಬಾಯಿಂದ ಬಂದದ್ದನ್ನು ಈ ಸಾಲಿನ ಕಿವಿ ನೇರವಾಗಿ ಕೇಳಕೂಡದು. ಕೆಳತುಟಿಗೆ ಹಚ್ಚೆ ಹಾಕಿಸಿಕೊಂಡ ದುಭಾಷಿ ಬೀದಿಯ ನಡುಗಲ್ಲಿನ ಮೇಲೆ ನಿಂತು ಹೇಳಬೇಕು. ಅವನು ಹೇಳಿದ್ದೇ ಮಾತು. ಅವನು ಹೇಳದ್ದು ಗಾಳಿ. ಆದ್ದರಿಂದ ಆ ಸಾಲಿನವರು ಯಾರಾದರೂ ಬಾಯಿ ತೆರೆದ ಕೂಡಲೇ ಈ ಸಾಲಿನವರು ಎರಡೂ ಅಂಗೈ ಎತ್ತಿ ಕಿವಿಗೆ ಒತ್ತಿಕೊಳ್ಳುತ್ತಿದ್ದರು. ರೊಟ್ಟಿ ತಟ್ಟುತ್ತಿದ್ದವರು ಹಿಟ್ಟಿನ ಕೈಯಲ್ಲೇ ಒತ್ತಿಕೊಳ್ಳುತ್ತಿದ್ದರು. ಕೊಡ ಹೊತ್ತವರು ಕೊಡ ಇಳಿಸಿ ಒತ್ತಿಕೊಳ್ಳುತ್ತಿದ್ದರು. ಆ ಸಾಲಿನವರಿಗೂ ಇಂಥದೇ ನಿಯಮವಿತ್ತೋ ಇಲ್ಲವೋ, ಈ ಸಾಲಿನ ಯಾರೂ ವಿಚಾರಿಸಿರಲಿಲ್ಲ. ವಿಚಾರಿಸಿದರೆ ಉತ್ತರ ಕೇಳಬೇಕಾಗುತ್ತಿತ್ತು.

ಹಾಲುಹಲ್ಲು ಬೀಳುವವರೆಗೆ ಮಕ್ಕಳ ಕಿವಿಯನ್ನು ಯಾರೂ ಕಿವಿಯೆಂದು ಎಣಿಸುತ್ತಿರಲಿಲ್ಲ. ಅಷ್ಟು ಕಾಲ ಅವರು ಏನು ಬೇಕಾದರೂ ಕೇಳಬಹುದಿತ್ತು. ಹಲ್ಲು ಬಿದ್ದ ದಿನ ತಾಯಿ ಮಗುವಿನ ಎರಡೂ ಕೈ ಹಿಡಿದು ಕಿವಿಯ ಮೇಲಿಟ್ಟು ತೋರಿಸಿಕೊಡುತ್ತಿದ್ದಳು.

ಈ ಸಾಲಿನಲ್ಲಿ ಪೊರಕೆ ಕಟ್ಟುವ ಒಬ್ಬ ಹೆಂಗಸಿದ್ದಳು. ಅವಳ ಗಂಡ ಆ ಸಾಲಿನ ಹಿಂದಿದ್ದ ಸುಣ್ಣದ ಗೂಡಿನಲ್ಲಿ ಕೆಲಸಕ್ಕಿದ್ದ. ಮಗಳು ಚಿಕ್ಕವಳಿದ್ದಾಗ ಅವನು ದಿನವೂ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದ. ಅವಳು ಗೂಡಿನ ಮಕ್ಕಳ ಜೊತೆ ಆಡಿ ಆಡಿ ಆ ಸಾಲಿನ ಮಾತು ಕಲಿತಳು. ಹಲ್ಲು ಬಿದ್ದ ಮೇಲೆ ಅವಳೂ ಎಲ್ಲರಂತೆ ಅಂಗೈ ಎತ್ತಿದಳು. ಕನಸಿನಲ್ಲಿ ಮಾತ್ರ ಆ ಮಾತಾಡುತ್ತಿದ್ದಳು. ತಾಯಿ ಎಚ್ಚರವಾಗಿ ಅವಳ ಬಾಯಿ ಮುಚ್ಚುತ್ತಿದ್ದಳು.

ಒಂದು ಬೆಳಿಗ್ಗೆ ಗೂಡಿನ ಗೋಡೆ ಕುಸಿದು ಗಂಡನ ಮೇಲೆ ಬಿತ್ತು. ಅವನನ್ನು ಎಳೆದು ತೆಗೆದು ಹತ್ತಿರದ ಜಗಲಿಯ ಮೇಲೆ ಮಲಗಿಸಿದರು. ಅದು ರಾಗಿ ಬೀಸುವ ಒಬ್ಬ ಮುದುಕಿಯ ಜಗಲಿ. ಬಿಸಿಲು ನೆತ್ತಿಗೆ ಬರುವಷ್ಟರಲ್ಲಿ ಅವನು ತೀರಿಕೊಂಡ. ದೇಹ ಬೀದಿ ದಾಟಿ ಬಂತು.

ತಿಂಗಳಿಗೊಮ್ಮೆ, ಅಮಾವಾಸ್ಯೆಯ ಮರುದಿನ, ಕೇಳಿಕೆಯ ದಿನ. ಆ ಸಾಲಿನವರು ಹೇಳುವುದೇನಿದ್ದರೂ ಅಂದು ನಡುಗಲ್ಲಿಗೆ ಬಂದು ಹೇಳಬೇಕು. ಮೊದಲ ಕೇಳಿಕೆಗೇ ಮುದುಕಿ ಬಂದಳು. ಗೂಡಿನ ಕಡೆಗೆ ಕೈ ತೋರಿಸಿದಳು. ತಲೆಯನ್ನು ವಾಲಿಸಿ ಕಣ್ಣು ಮುಚ್ಚಿದಳು. ಆಮೇಲೆ ತನ್ನ ಬಾಯಿ ಮುಟ್ಟಿ, ಪೊರಕೆಯವಳ ಕಡೆಗೆ ಬೆರಳು ನೀಡಿದಳು. ಸಾಯುವವನು ಆಡಿದ ಮಾತು ಅವಳ ಬಳಿ ಇದೆ. ಅಷ್ಟು ತಿಳಿಯಲು ಯಾರಿಗೂ ಹಚ್ಚೆ ಬೇಕಿರಲಿಲ್ಲ.

ಅವಳು ಹೇಳತೊಡಗಿದಳು. ಈ ಸಾಲು ಅಂಗೈ ಎತ್ತಿ ಕಿವಿಗೆ ಒತ್ತಿಕೊಂಡಿತು. ಪೊರಕೆಯವಳೂ ಒತ್ತಿಕೊಂಡಳು. ಮಗಳೂ ಒತ್ತಿಕೊಂಡಳು.

ಆ ದಿನದ ದುಭಾಷಿಯ ತುಟಿಯ ಮೇಲೆ ಚುಕ್ಕೆ ಇತ್ತು. ಅವನು ಬಾಯಿ ಮುಕ್ಕಳಿಸಿ, ಕಣ್ಣು ಅರೆಮುಚ್ಚಿ ಹೇಳಿದ: "‘ನನ್ನ ಮುದ್ದಿನ ಮಡದಿಗೆ ನೂರು ವರ್ಷ ಆಯುಸ್ಸಿರಲಿ, ಅವಳ ಅಂಗಳದಲ್ಲಿ ಹೂವರಳಲಿ’ ಅಂದರಂತೆ."

"ಮಡದಿಯಾ?" ಎಂದಳು ಪೊರಕೆಯವಳು. "ಇಪ್ಪತ್ತು ವರ್ಷ ನನ್ನ ‘ಇವಳೇ’ ಅಂತ ಕರೆದವರು. ಗೋಡೆ ಕೆಳಗೆ ಬಿದ್ದು ಹೊಸ ಮಾತು ಕಲಿತರಾ?"

ಎರಡನೆಯ ಕೇಳಿಕೆಗೆ ಅವಳು ಬೇರೆ ದುಭಾಷಿಯನ್ನು ಕರೆಸಿದಳು. ಇವನ ತುಟಿಯ ಮೇಲೆ ಗೆರೆ. ಅವನು ಎರಡು ಬಟ್ಟಲು ತಂದಿದ್ದ. ಮುದುಕಿಯ ಗದ್ದ ಅಲುಗಿದಂತೆಲ್ಲ ಒಂದು ಬಟ್ಟಲಿನಿಂದ ಇನ್ನೊಂದಕ್ಕೆ ಕಲ್ಲು ಹಾಕಿದ. ಕೊನೆಗೆ ಎದ್ದು ನಿಂತು ಗಂಭೀರವಾಗಿ ಹೇಳಿದ: "ಗೋಡೆ. ಎರಡು. ನಾಳೆ. ಬೆಕ್ಕು. ಮೇಲೆ. ಹುಳಿ. ಅಥವಾ. ಕಂಬಳಿ. ಆದ್ದರಿಂದ."

"ಏನಪ್ಪಾ ಇದು?"

"ಒಂಬತ್ತು ಬಂತು ತಾಯಿ, ಒಂಬತ್ತು ಕೊಟ್ಟಿದ್ದೇನೆ. ಬೇಕಾದರೆ ಎಣಿಸಿಕೊಳ್ಳಿ."

ಮೂರನೆಯವನ ತುಟಿಯ ಮೇಲೆ ಬಳೆಯಂಥ ವೃತ್ತ. ಅವನು ನಿಲುವಂಗಿ ಸರಿಮಾಡಿಕೊಂಡು ನಡುಗಲ್ಲನ್ನು ಏರಿದ. ಮುದುಕಿ ಹೇಳಿ ಮುಗಿಸುವವರೆಗೆ ಕಂಬದಂತೆ ನಿಂತಿದ್ದ. ಒಮ್ಮೆ ಕೆಮ್ಮಿದ. ಬಳಿಕ, "ಆಕೆ ಮಾತಾಡಿದ್ದಾಳೆ" ಎಂದ. ಇಳಿದು ಹೋದ.

"ಅದು ನನಗೂ ಕಂಡಿತು" ಎಂದಳು ಪೊರಕೆಯವಳು.

ಹೀಗೆ ಒಂದೂವರೆ ವರ್ಷ. ಹಚ್ಚೆ ಹಾಕುವ ಶಾಲೆಗಳು ಇದ್ದದ್ದು ಮೂರು, ಚುಕ್ಕೆಯದು, ಗೆರೆಯದು, ವೃತ್ತದ್ದು; ಮೂರರ ದುಭಾಷಿಗಳೂ ಸರದಿಯಲ್ಲಿ ಬಂದುಹೋದರು. ಮುದುಕಿ ಒಂದು ಕೇಳಿಕೆಯನ್ನೂ ತಪ್ಪಿಸಲಿಲ್ಲ. ಮೊದಮೊದಲು ನಡೆದು ಬರುತ್ತಿದ್ದಳು. ಆಮೇಲೆ ಕೋಲೂರಿ ಬಂದಳು. ಕೊನೆಗೆ ಒಂದು ತಿಂಗಳು ಇಬ್ಬರು ಅವಳನ್ನು ಹೊರಸಿನ ಮೇಲೆ ಹೊತ್ತು ತಂದರು. ಹೇಳುವ ನಡುವೆ ಎರಡು ಸಲ ಕೆಮ್ಮು ಬಂದು ನಿಲ್ಲಿಸಿದಳು. ಮತ್ತೆ ಮೊದಲಿನಿಂದ ಹೇಳಿದಳು.

ಆ ಸಂಜೆ ತಾಯಿ ಕಟ್ಟುತ್ತಿದ್ದ ಪೊರಕೆಯನ್ನು ಕೆಳಗಿಟ್ಟು ಮಗಳಿಗೆ ಹೇಳಿದಳು: "ನೀನೇ ಹೋಗಿ ಕಲಿ. ಹಚ್ಚೆ ಹಾಕಿಸಿಕೋ. ನೀನು ಹೇಳಿದರೆ ನಂಬ್ತೀನಿ. ಸುಳ್ಳು ಹೇಳಿದರೆ ಮೂಗು ಕೆಂಪಾಗತ್ತೆ ನಿನಗೆ."

"ಯಾವ ಶಾಲೆಗೆ?"

"ಮೂರನ್ನೂ ನೋಡು. ಕಡಿಮೆ ಹಾಳಾದದ್ದು ಯಾವುದೋ ಅದಕ್ಕೆ ಸೇರು. ಬೇಗ. ಆ ಮುದುಕಿ ಹೋದರೆ ನಿಮ್ಮಪ್ಪ ಇನ್ನೊಂದು ಸಲ ಸತ್ತ ಹಾಗೆ."

ಮಗಳು ಮೊದಲು ಚುಕ್ಕೆಯ ಶಾಲೆಗೆ ಹೋದಳು. ಅಲ್ಲಿ ಮೂವತ್ತು ಶಿಷ್ಯರು ಜಗಲಿಯ ಅಂಚಿಗೆ ನಿಂತು ಬೆಲ್ಲದ ನೀರಿನಲ್ಲಿ ಬಾಯಿ ಮುಕ್ಕಳಿಸುತ್ತಿದ್ದರು. ಗುರು ಚಪ್ಪಾಳೆ ತಟ್ಟಿದಾಗ ಮೂವತ್ತು ಬಾಯಿಗಳು ಒಟ್ಟಿಗೆ ಉಗುಳಿದವು. ಚರಂಡಿಯುದ್ದಕ್ಕೂ ಇರುವೆಗಳು ಕಪ್ಪಗೆ ಮುತ್ತಿದ್ದವು. ಆ ಶಾಲೆಯಿಂದ ಊರಿಗೆ ಏನಾದರೂ ಉಪಕಾರವಾಗಿದ್ದರೆ ಆ ಇರುವೆಗಳಿಗೆ ಆಗಿತ್ತು.

"ನಮ್ಮದು ಮೂರು ತಿಂಗಳ ಓದು" ಎಂದರು ಗುರು. ಅವರ ಧ್ವನಿ ಕೇಳಿದರೆ ಕೈ ಒರೆಸಿಕೊಳ್ಳಬೇಕೆನ್ನಿಸುತ್ತಿತ್ತು. "ನಮ್ಮಲ್ಲಿ ನಲವತ್ತು ವಾಕ್ಯಗಳಿವೆ. ಮನುಷ್ಯ ಏನೇ ಹೇಳಲಿ ಮಗಳೇ, ನಲವತ್ತರಲ್ಲಿ ಒಂದಕ್ಕೆ ಹೊಂದುತ್ತದೆ."

"ಬೈದರೆ?"

"ಹದಿನೇಳನೆಯದು. ‘ತಮ್ಮ ನೆನಪು ಸದಾ ಬರುತ್ತಿರುತ್ತದೆ.’"

"ಮನೆಗೆ ಬೆಂಕಿ ಬಿದ್ದಿದೆ, ಓಡಿ ಬನ್ನಿ ಅಂತ ಕೂಗಿದರೆ?"

"ಮೂವತ್ತೊಂದು. ‘ತಮ್ಮ ಆಗಮನವನ್ನು ಎದುರು ನೋಡುತ್ತೇವೆ.’"

"ಅವರ ಮನೆ ಸುಟ್ಟುಹೋಗುತ್ತದಲ್ಲ?"

"ಹೋಗಲಿ. ಕೇಳಿದವರ ಹೊಟ್ಟೆ ತಣ್ಣಗಿತ್ತೋ ಇಲ್ಲವೋ, ಅದು ಹೇಳು."

ಅವರಿಗೆ ಉತ್ತರ ಬೇಕಿರಲಿಲ್ಲ. ಮತ್ತೆ ಚಪ್ಪಾಳೆ ತಟ್ಟಿದರು. ಮೂವತ್ತು ಬಾಯಿಗಳು ಮತ್ತೆ ಬೆಲ್ಲದ ನೀರು ತುಂಬಿಕೊಂಡವು.

ಗೆರೆಯ ಶಾಲೆಯಲ್ಲಿ ಮಾತೇ ಇರಲಿಲ್ಲ. ಉದ್ದನೆಯ ಪಡಸಾಲೆಯಲ್ಲಿ ಶಿಷ್ಯರು ಕಲ್ಲುಗಳನ್ನು ಬಟ್ಟಲಿನಿಂದ ಬಟ್ಟಲಿಗೆ ಹಾಕುತ್ತಿದ್ದರು. ಟಕ್, ಟಕ್, ಟಕ್. ಅಲ್ಲಿಯ ಓದು ಮೂರು ವರ್ಷ. ಅವರ ಅಜ್ಜಂದಿರ ಕಾಲದಿಂದ ಒಂದು ಕಲ್ಲೂ ಕಳೆದಿಲ್ಲವಂತೆ. ಮಾತಿನ ಅರ್ಥವನ್ನು ಯಾವ ವರ್ಷ ಕಲಿಸುತ್ತೀರಿ ಎಂದು ಮಗಳು ಕೇಳಿದಳು. ಗುರು ಕಲ್ಲಿನಿಂದ ಕಣ್ಣೆತ್ತದೆ, "ಅದಕ್ಕೆ ಕೋಣೆ ಕಟ್ಟಿಸುವ ಯೋಚನೆಯಿದೆ" ಎಂದರು.

ವೃತ್ತದ ಶಾಲೆ ಎಲ್ಲಕ್ಕಿಂತ ದೊಡ್ಡದು. ಬಾಗಿಲು ಎಷ್ಟು ಎತ್ತರವಿತ್ತೆಂದರೆ, ಒಳಗೆ ಹೋಗುವವರೆಲ್ಲ ಕತ್ತೆತ್ತಿ ನೋಡುತ್ತ ಹೊಸ್ತಿಲಿಗೆ ಎಡವುತ್ತಿದ್ದರು. ಅಲ್ಲಿ ಓದು ಏಳು ವರ್ಷ. ನಿಲ್ಲುವುದಕ್ಕೆ ಎರಡು ವರ್ಷ, ನಡೆಯುವುದಕ್ಕೆ ಎರಡು, ಕೆಮ್ಮುವುದಕ್ಕೆ ಒಂದು. ಗುರು ಎತ್ತರದ ಪೀಠದ ಮೇಲೆ ಕೂತಿದ್ದರು.

"ಆ ಸಾಲಿನ ಭಾಷೆ ನಿನಗೇನಾದರೂ..."

"ಬರುತ್ತದೆ ಗುರುಗಳೇ."

ಗುರು ಪೀಠವನ್ನು ಸ್ವಲ್ಪ ಹಿಂದಕ್ಕೆ ಸರಿಸಿಕೊಂಡರು. "ಯಾವಾಗಿನಿಂದ?"

"ಚಿಕ್ಕಂದಿನಿಂದ."

"ಮನೆಯಲ್ಲಿ ಬೇರೆ ಯಾರಿಗಾದರೂ ಇದೆಯೇ?"

"ಇಲ್ಲ. ನನಗೊಬ್ಬಳಿಗೇ."

"ಹೆದರಬೇಡ. ಗುಣವಾಗುತ್ತದೆ. ಉಳಿದ ಎರಡು ವರ್ಷ ನಾವು ಇಟ್ಟಿರುವುದೇ ಅದಕ್ಕೆ. ಭಾಷೆ ಬಲ್ಲವನು ಒಂದು ಕಡೆಗೆ ವಾಲುತ್ತಾನೆ ನೋಡು. ನಮ್ಮ ಶಿಷ್ಯರು ವಾಲುವುದಿಲ್ಲ. ಅವರಿಗೆ ಏನೂ ತಿಳಿದಿರುವುದಿಲ್ಲ."

ಗೋಡೆಯ ಮೇಲೆ ಹಿಂದಿನ ಗುರುಗಳ ಚಿತ್ರಗಳು ಸಾಲಾಗಿದ್ದವು. ಒಬ್ಬರ ಕಿವಿಯನ್ನೂ ಚಿತ್ರಕಾರ ಬರೆದಿರಲಿಲ್ಲ. ಯಾರೂ ಅದನ್ನು ಕೊರತೆಯೆಂದು ಎಣಿಸಿದಂತಿರಲಿಲ್ಲ.

ಮಗಳು ಮನೆಗೆ ಬಂದಳು. ತಾಯಿ ಕೇಳಿದಳು: "ಯಾವುದು?"

"ಬೆಲ್ಲದ್ದು."

"ಥೂ! ‘ಹೂವರಳಲಿ’ ಅಂದವನು ಅಲ್ಲಿಯವನೇ ಅಲ್ಲವೇನೇ?"

"ಅದು ಮೂರೇ ತಿಂಗಳಮ್ಮ. ಮುದುಕಿ ಮೂರು ವರ್ಷ ಇರೋದಿಲ್ಲ, ಏಳು ವರ್ಷವಂತೂ ಇಲ್ಲವೇ ಇಲ್ಲ. ಹಚ್ಚೆ ಬಿದ್ದ ಮೇಲೆ ಅವರ ನಲವತ್ತನ್ನೂ ಚರಂಡಿಗೆ ಉಗುಳಿ, ಅವಳು ಹೇಳಿದ್ದನ್ನೇ ಹೇಳ್ತೀನಿ."

"ಮೂರು ತಿಂಗಳು ಇರ್ತಾಳಾ?"

ತಾಯಿ ಪೊರಕೆಯ ಕಡ್ಡಿಗಳನ್ನು ನೆಲಕ್ಕೆ ಕುಟ್ಟಿ ತುದಿ ಸಮ ಮಾಡಿದಳು. "ಹೋಗು. ಹಲ್ಲು ಉಳಿಸಿಕೊಂಡು ಬಾ" ಎಂದಳು.

ಚುಕ್ಕೆಯ ಶಾಲೆಗೆ ಸೇರುವವರಿಗೆ ಒಂದು ಪರೀಕ್ಷೆಯಿತ್ತು. ಕೇಳಿಕೆಯ ದಿನ ನಡುಗಲ್ಲಿನ ಮೇಲೆ ಗುರುವಿನ ಪಕ್ಕ ನಿಲ್ಲಬೇಕು. ಆ ಸಾಲಿನವರು ಮಾತಾಡುವಾಗ ಅಂಗೈ ಎತ್ತಿ ಕಿವಿಗೆ ಒತ್ತಿಕೊಳ್ಳಬೇಕು. ಅವರ ಮುಖ ನೋಡಿ ನಲವತ್ತರಲ್ಲಿ ಒಂದನ್ನು ಆರಿಸಬೇಕು. ಕಿವಿಗೆ ಬಿದ್ದರೆ ಆಯ್ಕೆ ಕೆಡುತ್ತದೆ ಎಂದು ಗುರು ವಿವರಿಸಿದರು.

ಅಮಾವಾಸ್ಯೆ ಕಳೆಯಿತು. ಮುದುಕಿಯನ್ನು ಹೊರಸಿನ ಮೇಲೆ ತಂದು ನಡುಗಲ್ಲಿನ ಬುಡದಲ್ಲಿ ಇಳಿಸಿದರು. ಈ ಸಾಲಿನವರು ತಮ್ಮ ತಮ್ಮ ಬಾಗಿಲಿನಲ್ಲಿ ನಿಂತರು. ಬೀದಿಯ ಕಾವಲುಗಾರ ಕೋಲು ಕುಟ್ಟಿದ. ಮುದುಕಿ ತಲೆಯೆತ್ತಿದಳು. ಎಲ್ಲರೂ ಎರಡೂ ಅಂಗೈ ಎತ್ತಿ ಕಿವಿಗೆ ಒತ್ತಿಕೊಂಡರು.

ಮಗಳು ಅಷ್ಟು ಹತ್ತಿರದಿಂದ ಮುದುಕಿಯ ಮುಖ ನೋಡಿದ್ದು ಅದೇ ಮೊದಲು. ಬಾಗಿಲಿನಿಂದ ನೋಡಿದರೆ ಅದೊಂದು ಸುಕ್ಕು, ಒಂದು ಬಿಳಿ ಕೂದಲು, ಅಷ್ಟೇ. ಈಗ ಎರಡು ಹೆಜ್ಜೆ ದೂರದಲ್ಲಿ ತುಟಿಗಳಿದ್ದವು. ಗುರು ಹೇಳಿದ್ದಂತೆ ಅವಳು ಆ ತುಟಿಗಳನ್ನೇ ನೋಡಿದಳು. ತುಟಿ ಅಗಲವಾಯಿತು, ದುಂಡಾಯಿತು. ಮತ್ತೆ ಅಗಲ, ಮತ್ತೆ ದುಂಡು. ಆ ಸಾಲಿನ ಮಾತು ಆಡುವಾಗ ತುಟಿ ಹೇಗೆ ತಿರುಗುತ್ತದೆಂದು ಅವಳಿಗೆ ಗೊತ್ತಿತ್ತು. ಅವಳ ತುಟಿಯೂ ಚಿಕ್ಕಂದಿನಲ್ಲಿ ಹಾಗೆ ತಿರುಗಿತ್ತು. ಈ ತುಟಿಗಳು ಹಾಗೆ ತಿರುಗುತ್ತಿರಲಿಲ್ಲ. ಇವು ಅವಳ ತಾಯಿಯ ತುಟಿಯಂತೆ, ಪಕ್ಕದ ಮನೆಯ ಹೆಂಗಸರ ತುಟಿಯಂತೆ, ಈ ಸಾಲಿನವರ ತುಟಿಯಂತೆ ತಿರುಗುತ್ತಿದ್ದವು.

ಅವಳು ಕಿವಿಯಿಂದ ಅಂಗೈ ತೆಗೆದಳು.

"ನೀರು" ಎನ್ನುತ್ತಿದ್ದಳು ಮುದುಕಿ. "ನೀರು ಅವ್ವಾ. ಸಾಕು. ಸಾಕವ್ವಾ, ಕೈ ನೋಯುತ್ತೆ ನಿಂಗೆ, ಇಳಿಸು."

ಅದು ಈ ಸಾಲಿನ ಮಾತು. ಮನೆಯ ಮಾತು. ಉಚ್ಚಾರ ಒರಟಾಗಿತ್ತು, ಬೀಸುಕಲ್ಲಿನ ಏರಿಳಿತ ಅದರಲ್ಲಿತ್ತು. ಆದರೆ ಒಂದು ಮಾತೂ ಆ ಸಾಲಿನದಲ್ಲ. ಒಂದೂವರೆ ವರ್ಷ ಈ ಸಾಲು ತನ್ನದೇ ಮಾತಿಗೆ ಕಿವಿ ಮುಚ್ಚಿಕೊಂಡು ನಿಂತಿತ್ತು. ಅದನ್ನು ತಿಳಿಸಲು ಮೂರು ಶಾಲೆಗಳ ದುಭಾಷಿಗಳನ್ನು ಕರೆಸಿತ್ತು. ಮಗಳೂ ನಿಂತಿದ್ದಳು. ಗೂಡಿನ ಮಕ್ಕಳ ಜೊತೆ ಆಡಿದವಳು, ಎರಡೂ ಮಾತು ಬಲ್ಲವಳು, ಎಲ್ಲರಿಗಿಂತ ಗಟ್ಟಿಯಾಗಿ ಒತ್ತಿಕೊಂಡು ನಿಂತಿದ್ದಳು.

"ಅಮ್ಮಾ, ಕೈ ತೆಗಿ!" ಎಂದು ಕೂಗಿದಳು. ತಾಯಿಗೆ ಕೇಳಲಿಲ್ಲ. ಕೇಳುವುದಾದರೂ ಹೇಗೆ? ಮಗಳು ನಡುಗಲ್ಲಿನಿಂದ ಹಾರಿ, ಹದಿನೈದು ಹೆಜ್ಜೆ ಓಡಿ, ತಾಯಿಯ ಎರಡೂ ಮಣಿಕಟ್ಟು ಹಿಡಿದು ಕೆಳಗೆ ಎಳೆದಳು. ತಾಯಿ ಬಿಡಲಿಲ್ಲ. ಪೊರಕೆ ಕಟ್ಟಿದ ಕೈ ಅದು, ಬಲವಾಗಿತ್ತು. ಮಗಳು ಇನ್ನೂ ಬಲವಾಗಿ ಎಳೆದು ಕೈ ಬಿಡಿಸಿ, ಅವಳನ್ನು ಹೊರಸಿನ ಬಳಿಗೆ ಕರೆತಂದಳು. ನಂತರ ಆ ಸಾಲಿನ ಮಾತಿನಲ್ಲಿ ಮುದುಕಿಗೆ, "ಇನ್ನೊಂದು ಸಲ ಹೇಳಜ್ಜಿ" ಎಂದಳು.

ಮುದುಕಿ ಹೇಳಿದಳು.

ತಾಯಿ ಕೇಳಿದಳು. "ಇವರೇ" ಎಂದಳು. "ನಿಮ್ಮಪ್ಪನದೇ ಮಾತು. ಯಾರು ಏನು ಹಿಡಿದುಕೊಂಡು ನಿಂತರೂ ಕೈ ನೋಯತ್ತೆ ಇಳಿಸು ಅನ್ನೋರು." ಆಮೇಲೆ ಕೇಳಿದಳು: "ನನ್ನ ಬಗ್ಗೆ?"

"ಇಲ್ಲಮ್ಮ."

"ಒಂದು ಮಾತೂ?"

"ಇಲ್ಲ."

ತಾಯಿ ನೆಲದ ಮೇಲೆ ಕೂತಳು. "ಸರಿ" ಎಂದಳು. "ಸುಳ್ಳು ಹೂವಿಗಿಂತ ಇದು ವಾಸಿ."

ಮುದುಕಿ ಮಗಳ ಸೆರಗು ಜಗ್ಗಿದಳು. ತನ್ನ ಮಾತಿನಲ್ಲಿ ಕೇಳಿದಳು: "ಮಗಾ, ನಿನಗೆ ನಮ್ಮ ಮಾತು ಬರುತ್ತಾ? ಅವನು ಹೇಳಿದ್ದನ್ನ ಮರೀಬಾರದು ಅಂತ ದಿನಾ ಬೀಸುವಾಗ ಹೇಳಿಕೊಂಡು ಇಟ್ಟುಕೊಂಡಿದ್ದೀನಿ. ಏನು ಅಂತ ನನಗೇ ಗೊತ್ತಿಲ್ಲ. ಏನಂದ ಅವನು?"

ಮಗಳು ಹೊರಸಿನ ಪಕ್ಕ ಮೊಣಕಾಲೂರಿದಳು. ಮೊದಲ ಮಾತು ನೀರು. ಈ ಮುದುಕಿಗೆ ಅದು ತಿಳಿದಿರಲಿಲ್ಲ. ನೀರು ಬೇಡಿದವನ ಪಕ್ಕ ತಿಳಿಯದೆ ಸುಮ್ಮನೆ ಕೂತಿದ್ದಳೋ ಏನೋ. ಒಂದೂವರೆ ವರ್ಷ ಕಾದು, ಈಗ ಹೊರಸಿನ ಮೇಲೆ ಬಂದು ಕೇಳುತ್ತಿದ್ದಾಳೆ. ಅದನ್ನು ಹೇಳಿ ಇವಳನ್ನು ಕಳಿಸುವುದೇ? ಪಕ್ಕದಲ್ಲಿ ಗುರು ತಮ್ಮ ಅಂಗೈಗಳ ನಡುವಿನಿಂದ ಮೆಲ್ಲಗೆ ಹೇಳಿಕೊಟ್ಟರು: "ಎಂಟನೆಯದು. ಎಂಟನೆಯದು ಹೇಳು. ‘ತಮ್ಮ ಉಪಕಾರವನ್ನು ಮರೆಯಲಾರೆ.’" ಅದು ಹೊಂದುತ್ತಿತ್ತು. ಅವಳು ತಿರಸ್ಕರಿಸಿದ ಆ ನಲವತ್ತರಲ್ಲಿ ಒಂದು, ಹಾಳಾದದ್ದು, ಸರಿಯಾಗಿ ಹೊಂದುತ್ತಿತ್ತು.

"ನೀರು ಕೇಳಿದರು ಅಜ್ಜಿ" ಎಂದಳು ಮಗಳು.

"ಅದು ಗೊತ್ತಾಯಿತಲ್ಲ" ಎಂದಳು ಮುದುಕಿ. "ತುಟಿ ಒಣಗಿ ಸಿಪ್ಪೆ ಎದ್ದಿತ್ತು. ತಲೆ ಎತ್ತಿ ಹಿಡಿದು ಮೂರು ಗುಟುಕು ಕುಡಿಸಿದೆ. ಆಮೇಲಿಂದು ಹೇಳು. ಕುಡಿದ ಮೇಲೆ ನನ್ನ ಮುಖ ನೋಡಿ ಏನೋ ಅಂದ. ಅದೇ ನನಗೆ ತಿಳಿಯಲಿಲ್ಲ."

"ಸಾಕು ಅಂದರು. ನಿಮ್ಮ ಕೈ ನೋಯುತ್ತದೆ, ನನ್ನ ತಲೆ ಇಳಿಸಿ ಅಂದರು."

ಮುದುಕಿ ತನ್ನ ಬಲಗೈಯನ್ನು ನೋಡಿಕೊಂಡಳು. "ನೋಯ್ತಿತ್ತು" ಎಂದಳು. "ಆದರೂ ಇಳಿಸಲಿಲ್ಲ."

ಮಗಳು ಅದನ್ನು ತಾಯಿಗೆ ಹೇಳಿದಳು. ತಾಯಿ ಕೂತಲ್ಲಿಂದಲೇ ಸರಿದು, ಮುದುಕಿಯ ಆ ಕೈಯನ್ನು ತನ್ನ ಮಡಿಲಿನಲ್ಲಿ ಇಟ್ಟುಕೊಂಡಳು. ಮಗಳಿಗೆ ಅಲ್ಲಿ ಮಾತು ದಾಟಿಸುವ ಕೆಲಸವಿರಲಿಲ್ಲ.

ಅಷ್ಟರಲ್ಲಿ ಕಾವಲುಗಾರ ಬಂದ. ಅವನು ತೀರ್ಪು ಓದಬೇಕಿತ್ತು. ಮುದುಕಿ ನಡುವೆ ಬಾಯಿ ತೆರೆದರೆ ಎಂದು ಕಿವಿಯನ್ನೂ ಮುಚ್ಚಿಕೊಳ್ಳಬೇಕಿತ್ತು. ಒಂದು ಕೈಯಲ್ಲಿ ಕಾಗದ ಹಿಡಿದ, ಇನ್ನೊಂದು ಕೈಯಿಂದ ಒಂದು ಕಿವಿ ಒತ್ತಿಕೊಂಡ, ಉಳಿದ ಕಿವಿಯನ್ನು ಭುಜಕ್ಕೆ ಅದುಮಿ, ಕತ್ತು ಸೊಟ್ಟ ಮಾಡಿಕೊಂಡು ಓದಿದ: "ಬರಿಗಿವಿಯಲ್ಲಿ ಕೇಳಿದ ಕಾರಣ, ಈ ಹುಡುಗಿಯ ತುಟಿಗೆ ಯಾವ ಶಾಲೆಯೂ ಹಚ್ಚೆ ಹಾಕತಕ್ಕದ್ದಲ್ಲ. ಇವಳ ಬಾಯಿ ಇಂದಿನಿಂದ ಬಾಯಿಯಲ್ಲ. ಇವಳು ಹೇಳಿದ್ದು ಮಾತಲ್ಲ." ಬಾಗಿಲುಗಳಲ್ಲಿ ನಿಂತವರು ಹೌದು ಹೌದೆಂದು ತಲೆಯಾಡಿಸಿದರು. ಅವರ ಅಂಗೈಗಳು ಇನ್ನೂ ಕಿವಿಯ ಮೇಲೆಯೇ ಇದ್ದವು. ಅವನು ಓದಿದ್ದು ಅವರಿಗೆ ಕೇಳಿರಲಿಲ್ಲ.

"ಆ ಸೊಟ್ಟಗತ್ತಿನವನು ಏನಂತಾನೆ?" ಎಂದು ಮುದುಕಿ ಕೇಳಿದಳು.

ಗುರು ಮುಂದೆ ಬಂದು, ಬಾಯಿ ಮುಕ್ಕಳಿಸಿ, ಆ ಸಾಲಿನ ಮಾತಿನಲ್ಲೂ ಬಾಯಿಪಾಠ ಮಾಡಿಕೊಂಡಿದ್ದ ನಲವತ್ತರಲ್ಲಿ ಒಂದನ್ನು ಆರಿಸಿ ಹೇಳಿದರು: "ತಮ್ಮ ಕ್ಷೇಮ ವಿಚಾರಿಸುತ್ತಿದ್ದಾರೆ."

"ಇಲ್ಲಜ್ಜಿ" ಎಂದಳು ಮಗಳು. "ನನ್ನ ಬಾಯಿ ಬಾಯಿಯಲ್ಲ ಅಂತಿದ್ದಾನೆ."

ಮುದುಕಿ ಹೊರಸಿನ ಮೇಲೆ ಮೊಣಕೈಯೂರಿ ಎದ್ದಳು. ಕೆಮ್ಮಿದಳು. ಕಾವಲುಗಾರನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ತನ್ನ ಮಾತಿನಲ್ಲಿ, ಅವನ ಬಗ್ಗೆ, ಅವನ ಮೀಸೆಯ ಬಗ್ಗೆ, ಆ ಮೀಸೆಯನ್ನು ತನ್ನ ಬೀಸುಕಲ್ಲಿಗೆ ಹಾಕಿ ಎಷ್ಟು ಸುತ್ತು ತಿರುಗಿಸುವಳೆಂಬುದರ ಬಗ್ಗೆ, ಬಂದ ಹಿಟ್ಟನ್ನು ಯಾವ ಪ್ರಾಣಿಯ ಮುಂದೆ ಸುರಿಯುವಳೆಂಬುದರ ಬಗ್ಗೆ, ಆ ಪ್ರಾಣಿ ಅದನ್ನು ಮೂಸಿ ಏನು ಮಾಡುವುದೆಂಬುದರ ಬಗ್ಗೆ ಸಾಕಷ್ಟು ಹೇಳಿದಳು.

"ಆಶೀರ್ವಾದ ಮಾಡುತ್ತಿದ್ದಾರೆ" ಎಂದರು ಗುರು. ಕಾವಲುಗಾರ ಸೊಟ್ಟ ಕತ್ತಿನಲ್ಲೇ ಕೈಮುಗಿಯಲು ನೋಡಿದ.

"ಏನಂದಳೇ?" ಎಂದು ತಾಯಿ ಕೇಳಿದಳು.

ಮಗಳು ಹೇಳಿದಳು. ಗಟ್ಟಿಯಾಗಿ, ಒಂದಕ್ಷರ ಬಿಡದೆ ಹೇಳಿದಳು.